3ಟಿ3-ಎಲ್1 ಕೋಶಗಳಿಗೆ ಐಸೊಪ್ರೊಟೆರೆನಾಲ್ ಹಾಕಿದರೂ ಗ್ಲಿಸರಾಲ್ ಏರುತ್ತಿಲ್ಲ, ಎಲ್ಲಿ ಎಡವುತ್ತಿದ್ದೇವೆ?

ಹೆಸರಘಟ್ಟ_ಬಯೋ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲ್ಯಾಬ್‌ನಲ್ಲಿ 3ಟಿ3-ಎಲ್1 ಕೋಶಗಳ (ಕೊಬ್ಬಿನ ಕೋಶಗಳಾಗಿ ಮಾರ್ಪಡಿಸಬಹುದಾದ ಇಲಿಯ ಕೋಶಗಳು) ಲಿಪೊಲಿಸಿಸ್, ಅಂದರೆ ಕೊಬ್ಬು ಒಡೆದು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲ ಹೊರಬರುವುದನ್ನು ಅಳೆಯುತ್ತಿದ್ದೇವೆ. 24 ವೆಲ್ ಪ್ಲೇಟ್, ಡಿಫರೆನ್ಶಿಯೇಶನ್‌ನ 10ನೇ ದಿನ. ಕೊಬ್ಬಿಗೆ ಹಿಡಿಯುವ ಬಣ್ಣ ಆಯಿಲ್ ರೆಡ್ ಓ ಚೆನ್ನಾಗಿ ಹಿಡಿಯುತ್ತದೆ, ಹೆಚ್ಚಿನ ಕೋಶಗಳಲ್ಲಿ ಕೊಬ್ಬಿನ ಹನಿ ತುಂಬಿದೆ. ಮೀಡಿಯಂ (ಕೋಶ ಬೆಳೆಸುವ ದ್ರವ) ಮಾಮೂಲಿ ಕೆಂಪು ಡಿಎಂಇಎಂ, ಅದಕ್ಕೆ ಕೊಬ್ಬಿನಾಮ್ಲ ಹಿಡಿದುಕೊಳ್ಳುವ ಪ್ರೋಟೀನ್ ಬಿಎಸ್‌ಎ ಶೇ. 2. ಇನ್ಸುಲಿನ್ (ಮಿ.ಲೀ.ಗೆ 10 ಮೈಕ್ರೋಗ್ರಾಂ) ಕೊನೆಯ ದಿನದವರೆಗೂ ಇರುತ್ತದೆ. ಲಿಪೊಲಿಸಿಸ್ ಪ್ರಚೋದಿಸುವ ಔಷಧ ಐಸೊಪ್ರೊಟೆರೆನಾಲ್ 10 ಮೈಕ್ರೋಮೋಲಾರ್ ಹಾಕಿ 2 ಗಂಟೆ ಬಿಟ್ಟು, ಮೀಡಿಯಂ ತೆಗೆದು, 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ, ಫ್ರೀ ಗ್ಲಿಸರಾಲ್ ರಿಯೇಜೆಂಟ್ ಸೇರಿಸಿ 540 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ.

ಕೋಶವಿಲ್ಲದ ಮೀಡಿಯಂ 0.15, ಔಷಧ ಹಾಕದ ವೆಲ್ 0.21, ಹಾಕಿದ ವೆಲ್ 0.24. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಗುರುತಿಸುವ ಪರೀಕ್ಷೆ) ಕೊಬ್ಬು ಒಡೆಯುವ ಕಿಣ್ವ ಎಚ್‌ಎಸ್‌ಎಲ್‌ನ ಬ್ಯಾಂಡ್ ಸರಿಯಾಗಿಯೇ ಇದೆ. ನಮ್ಮೂರು ಎತ್ತರದಲ್ಲಿರುವುದರಿಂದ ಇನ್‌ಕ್ಯುಬೇಟರ್‌ನ ಶೇ. 5 ಸಿಒ2 ಸಾಲದೆ ಪಿಎಚ್ ಏರುತ್ತಿರಬಹುದೇ?

ಲಿಪಿಡ್_ಕನ್ನಡ:

ಸಿಒ2 ವಿಷಯ ಮೊದಲು ಮುಗಿಸಿಬಿಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಶೇ. 5 ಎಂದು ಇಟ್ಟದ್ದು ಸಮುದ್ರಮಟ್ಟದ ಶೇ. 4.5ಕ್ಕೆ ಸಮ. ಪಿಎಚ್ ಏರುವುದು 0.05ರ ಆಸುಪಾಸು ಅಷ್ಟೇ. ಬೇಕಾದರೆ 5.5ಕ್ಕೆ ಇಡಿ, ಆದರೆ ನಿಮ್ಮ ತೊಂದರೆ ಅದಲ್ಲ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ 0.15. ಕೋಶವೇ ಇಲ್ಲದ ಮೀಡಿಯಂನಲ್ಲಿ ಇಷ್ಟು ಏಕೆ? ಅನೇಕ ಸಿರಿಂಜ್ ಫಿಲ್ಟರ್‌ಗಳ, ಪ್ರೋಟೀನ್ ಸಾಂದ್ರಗೊಳಿಸುವ ಟ್ಯೂಬ್‌ಗಳ ಪೊರೆ ಒಣಗದಿರಲಿ ಎಂದು ಗ್ಲಿಸರಿನ್ ಸವರಿರುತ್ತಾರೆ. ಗ್ಲಿಸರಾಲ್ ಅಳೆಯುವವರಿಗೆ ಅದು ನೇರ ಹೊಡೆತ. ಸೋಸಲೇಬೇಡಿ. 300 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ನಡುವಿನಿಂದ ತೆಗೆದುಕೊಳ್ಳಿ. ಮೀಡಿಯಂಗೆ ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ಕೂಡ ಅದೇ ತರಂಗಾಂತರದ ಹತ್ತಿರ ಬೆಳಕು ಹೀರುತ್ತದೆ, ಹಾಗಾಗಿ ಅದಿಲ್ಲದ ಡಿಎಂಇಎಂ ಬಳಸಿ.

ಆದರೆ ಅಸಲು ಕಾರಣ ಇನ್ಸುಲಿನ್ ಎಂದೇ ನನ್ನ ಅಭಿಪ್ರಾಯ. ಮಿ.ಲೀ.ಗೆ 10 ಮೈಕ್ರೋಗ್ರಾಂ ಅಂದರೆ ಸುಮಾರು 1.7 ಮೈಕ್ರೋಮೋಲಾರ್. ಲಿಪೊಲಿಸಿಸ್ ತಡೆಯಲು ಇನ್ಸುಲಿನ್ನಿಗೆ ನ್ಯಾನೋಮೋಲಾರ್ ಮಟ್ಟವೇ ಸಾಕು. ಅದು ಎಕೆಟಿ ಎಂಬ ಕಿಣ್ವದ ಮೂಲಕ ಪಿಡಿಇ3ಬಿ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ, ಪಿಡಿಇ3ಬಿ ಕೋಶದೊಳಗಿನ ಸಂದೇಶವಾಹಕ ಸೈಕ್ಲಿಕ್ ಎಎಂಪಿಯನ್ನು ಒಡೆದುಹಾಕುತ್ತದೆ. ಐಸೊಪ್ರೊಟೆರೆನಾಲ್ ಒಂದು ಕಡೆಯಿಂದ ತುಂಬಿಸಿದ್ದು ಇನ್ನೊಂದು ಕಡೆಯಿಂದ ಸೋರಿಹೋಗುತ್ತದೆ. ಸೈಕ್ಲಿಕ್ ಎಎಂಪಿ ಎಬ್ಬಿಸಬೇಕಾದ ಕಿಣ್ವ ಪಿಕೆಎ ಏಳದಿದ್ದರೆ, ಕೊಬ್ಬಿನ ಹನಿಯನ್ನು ಸುತ್ತಿರುವ ಪ್ರೋಟೀನ್ ಪೆರಿಲಿಪಿನ್‌ಗೆ ಫಾಸ್ಫೇಟ್ ಅಂಟುವುದಿಲ್ಲ. ಅದು ಅಂಟದೆ ಪೆರಿಲಿಪಿನ್ ಹಿಡಿದಿಟ್ಟ ಸಹಾಯಕ ಪ್ರೋಟೀನ್ ಸಿಜಿಐ-58 ಬಿಡುಗಡೆಯಾಗುವುದಿಲ್ಲ. ಸಿಜಿಐ-58 ಸಿಗದ ಎಟಿಜಿಎಲ್ (ಕೊಬ್ಬು ಒಡೆಯುವ ಮೊದಲ ಹೆಜ್ಜೆಯ ಕಿಣ್ವ) ಮೊದಲ ಕೊಬ್ಬಿನಾಮ್ಲವನ್ನು ಕೀಳುವುದೂ ನಿಧಾನ. ಎಚ್‌ಎಸ್‌ಎಲ್ ಎಷ್ಟಿದ್ದರೂ ಅದಕ್ಕೆ ಮುಖ್ಯವಾಗಿ ಬೇಕಾದ ಡೈಗ್ಲಿಸರೈಡ್ ಸಿಗಬೇಕಲ್ಲ.

ಪ್ರಯೋಗದ ಹಿಂದಿನ ರಾತ್ರಿಯೇ ಇನ್ಸುಲಿನ್ ತೆಗೆಯಿರಿ. ಬೆಳಿಗ್ಗೆ 37 ಡಿಗ್ರಿಯ ಉಪ್ಪಿನ ಬಫರ್ ದ್ರಾವಣ ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯಿರಿ. ಕೊಬ್ಬು ತುಂಬಿದ ಕೋಶಗಳು ಹಾಳೆಯಂತೆ ಎದ್ದುಬರುತ್ತವೆ, ಆದ್ದರಿಂದ ಪಿಬಿಎಸ್ ನೇರ ಸುರಿಯದೆ ವೆಲ್‌ನ ಗೋಡೆಗುಂಟ ಇಳಿಸಿ. ಬಿಎಸ್‌ಎ ಕೊಬ್ಬಿನಾಮ್ಲ ತೆಗೆದದ್ದೇ ಆಗಿರಬೇಕು. ಮಾಮೂಲಿ ಬಿಎಸ್‌ಎ ಮೊದಲೇ ಕೊಬ್ಬಿನಾಮ್ಲ ಹೊತ್ತು ಬಂದಿರುತ್ತದೆ, ಹೊಸದಕ್ಕೆ ಜಾಗ ಕಡಿಮೆ. ಬಿಡುಗಡೆಯಾದ ಆಮ್ಲ ಕೋಶದಲ್ಲೇ ಉಳಿದು ಲೈಪೇಸ್‌ಗಳನ್ನು ತಡೆಯುತ್ತದೆ.

ಮೈಕ್ರೋಪ್ಲೇಟ್:

ಮೇಲಿನದಕ್ಕೆ ನನ್ನ ಸಹಮತವಿದೆ. ಐಸೊಪ್ರೊಟೆರೆನಾಲ್ ಸ್ಟಾಕ್‌ನ ಬಣ್ಣ ನೋಡಿದಿರಾ? ಬೆಳಕಿಗೆ ಹಿಡಿದಾಗ ತಿಳಿಗುಲಾಬಿ ಕಂಡರೆ ಆಕ್ಸಿಡೈಸ್ ಆಗಿದೆ, ಚೆಲ್ಲಿಬಿಡಿ. ಅದೇ ದಿನ ನೀರಿನಲ್ಲಿ 10 ಮಿಲಿಮೋಲಾರ್ ಮಾಡಿ, ಫಾಯಿಲ್ ಸುತ್ತಿ ಐಸ್ ಮೇಲಿಡಿ. ಕೆಡದಿರಲೆಂದು ಆಸ್ಕಾರ್ಬಿಕ್ ಆಮ್ಲ ಹಾಕುವವರಿದ್ದಾರೆ. ಈ ಅಸ್ಸೇಯಲ್ಲಿ ಅದು ಬೇಡ: ಕೊನೆಯ ಹೆಜ್ಜೆಯಲ್ಲಿ ಪೆರಾಕ್ಸಿಡೇಸ್ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಬಣ್ಣ ಹುಟ್ಟಿಸುತ್ತದೆ, ಆಸ್ಕಾರ್ಬೇಟ್ ಆ ಬಣ್ಣವನ್ನೇ ತಿನ್ನುತ್ತದೆ. ಐಸೊಪ್ರೊಟೆರೆನಾಲ್ ಕೂಡ ಕ್ಯಾಟೆಕೋಲ್ (ಸುಲಭವಾಗಿ ಆಕ್ಸಿಡೈಸ್ ಆಗುವ ರಚನೆಯದು) ಆದ್ದರಿಂದ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡಬಲ್ಲದು. ಕೋಶವಿಲ್ಲದ ಮೀಡಿಯಂಗೆ ಗೊತ್ತಿರುವಷ್ಟು ಗ್ಲಿಸರಾಲ್ ಸೇರಿಸಿ, ಔಷಧ ಇದ್ದು ಮತ್ತು ಇಲ್ಲದೆ ಓದಿ. ಎರಡೂ ಒಂದೇ ಬಂದರೆ ಚಿಂತೆಯಿಲ್ಲ.

ಜೊತೆಗೆ ಮೂರು ವೆಲ್‌ಗೆ 10 ಮೈಕ್ರೋಮೋಲಾರ್ ಫೋರ್ಸ್ಕೋಲಿನ್ ಇಡಿ (ಅದನ್ನು ಕರಗಿಸುವ ಡಿಎಂಎಸ್‌ಓ ಮಾತ್ರ ಹಾಕಿದ ಕಂಟ್ರೋಲ್ ಮರೆಯಬೇಡಿ). ಅದು ರಿಸೆಪ್ಟರ್ ದಾಟಿ ನೇರವಾಗಿ ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವ ಅಡಿನೈಲಿಲ್ ಸೈಕ್ಲೇಸ್‌ಗೆ ಹೋಗುತ್ತದೆ. ಫೋರ್ಸ್ಕೋಲಿನ್‌ಗೆ ಏರಿ ಐಸೊಪ್ರೊಟೆರೆನಾಲ್‌ಗೆ ಏರದಿದ್ದರೆ ಮೊದಲು ಸ್ಟಾಕ್ ಮೇಲೆ, ಆಮೇಲೆ ರಿಸೆಪ್ಟರ್ ಮೇಲೆ ಅನುಮಾನಪಡಿ. ಎರಡಕ್ಕೂ ಏರದೆ, ಪಿಡಿಇ ತಡೆಯುವ ಐಬಿಎಂಎಕ್ಸ್ 0.5 ಮಿಲಿಮೋಲಾರ್ ಸೇರಿಸಿದಾಗ ಮಾತ್ರ ಏರಿದರೆ ಪಿಡಿಇ ಇನ್ನೂ ಚುರುಕಾಗಿದೆ, ಅಂದರೆ ಇನ್ಸುಲಿನ್ ಪೂರ್ತಿ ಹೋಗಿಲ್ಲ.

ವೆಸ್ಟರ್ನ್‌ನಲ್ಲಿ ಒಟ್ಟು ಎಚ್‌ಎಸ್‌ಎಲ್ ನೋಡಿದರೆ ಏನೂ ತಿಳಿಯದು, ಸೆರಿನ್ 660 ಎಂಬ ಜಾಗಕ್ಕೆ ಫಾಸ್ಫೇಟ್ ಅಂಟಿದೆಯೇ ಎಂದು ತೋರಿಸುವ ಫಾಸ್ಫೊ ಆಂಟಿಬಾಡಿ ಬೇಕು. ಔಷಧ ಹಾಕಿ 15 ನಿಮಿಷಕ್ಕೆ ಐಸ್ ಮೇಲೆ, ಫಾಸ್ಫಟೇಸ್ ತಡೆಗಳಿರುವ ಬಫರ್‌ನಲ್ಲಿ ಒಡೆಯಿರಿ. 4 ಡಿಗ್ರಿಯಲ್ಲಿ ತಿರುಗಿಸಿದಾಗ ಮೇಲೆ ಹೆಪ್ಪುಗಟ್ಟಿದ ತುಪ್ಪದಂತೆ ಬಿಳಿ ಪದರ ನಿಲ್ಲುತ್ತದೆ. ಟಿಪ್ ಅದರ ಮೂಲಕ ಹೋದರೆ ಕೊಬ್ಬು ಮೆತ್ತಿಕೊಂಡು ಬ್ಯಾಂಡ್ ಹರಡುತ್ತದೆ. ಸಣ್ಣ ಸೂಜಿಯಿಂದ ಪದರದ ಕೆಳಗಿನ ದ್ರವ ಎಳೆದುಕೊಳ್ಳಿ.

ಹೆಸರಘಟ್ಟ_ಬಯೋ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಬರೀ ಮೀಡಿಯಂ ಸೋಸದೆ ಓದಿದರೆ 0.07, ಅದನ್ನೇ ಸೋಸಿ ಓದಿದರೆ 0.15. ಸ್ಟಾಕ್ ಕೂಡ ಗುಲಾಬಿಯಾಗಿತ್ತು, ಹೊಸದು ಮಾಡುತ್ತೇವೆ. ಇಂದು ರಾತ್ರಿ ಇನ್ಸುಲಿನ್ ತೆಗೆಯುತ್ತೇವೆ. ಎಟಿಜಿಎಲ್‌ನದೇ ಪಾಲು ಎಷ್ಟು ಎಂದು ತಿಳಿಯಲು ಅದನ್ನು ತಡೆಯುವ ಅಟ್ಗ್ಲಿಸ್ಟಾಟಿನ್ ಹಾಕಬಹುದೇ?

ಲಿಪಿಡ್_ಕನ್ನಡ:

ಹಾಕಬಹುದು, 3ಟಿ3-ಎಲ್1 ಇಲಿಯ ಕೋಶವಾದ್ದರಿಂದ ಕೆಲಸ ಮಾಡುತ್ತದೆ. ಮುಂದೆ ಮನುಷ್ಯರ ಅಡಿಪೊಸೈಟ್‌ಗೆ (ಕೊಬ್ಬಿನ ಕೋಶ) ಹೋದಾಗ ಅದನ್ನೇ ನಂಬಬೇಡಿ, ಮಾನವ ಎಟಿಜಿಎಲ್ ಅದಕ್ಕೆ ಬಗ್ಗುವುದಿಲ್ಲ. ಮತ್ತೆ, ಒಂದೇ 2 ಗಂಟೆಯ ಓದಿನ ಬದಲು 1, 2, 3 ಗಂಟೆಗೆ ತೆಗೆಯಿರಿ, ಗೆರೆ ನೇರವಾಗಿರುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಪ್ರೋಟೀನ್‌ಗೆ ಭಾಗಿಸುವ ಮೊದಲು ಬಿಎಸ್‌ಎ ಪೂರ್ತಿ ತೊಳೆದಿರಬೇಕು, ಇಲ್ಲದಿದ್ದರೆ ಕೋಶದ ಪ್ರೋಟೀನ್ ಬದಲು ಬಿಎಸ್‌ಎಯನ್ನೇ ಅಳೆದಂತಾಗುತ್ತದೆ.