ಕಾಫಿ ಹೂವಿನ ಕ್ಯಾಲೆಂಡರ್: ಗಿಂಪ್‌ನಲ್ಲಿ ಕನ್ನಡ ಅಕ್ಷರ ಬರುತ್ತಿಲ್ಲ, ಬೇರೆ ಯಾವ ಮುಕ್ತ ತಂತ್ರಾಂಶ ಆಯ್ದುಕೊಳ್ಳಲಿ?

ನಾಪೋಕ್ಲು_ತೋಟದಮನೆ:
ಎಲ್ಲರಿಗೂ ನಮಸ್ಕಾರ. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾದಾಗ ತೆಗೆದ ಚಿತ್ರಗಳನ್ನೂ, ಹುತ್ತರಿ ಹಬ್ಬದಂದು ಮನೆಯವರೆಲ್ಲ ಕೊಡವ ಉಡುಪಾದ ಕುಪ್ಯ-ಚೇಲೆ ಮತ್ತು ರೇಷ್ಮೆ ಸೀರೆಯಲ್ಲಿ ನಿಂತ ಚಿತ್ರವನ್ನೂ ಸೇರಿಸಿ, ನಮ್ಮ ಹೋಂಸ್ಟೇಗೆ ಬರುವವರಿಗೆ ಕೊಡಲು ಗೋಡೆ ಕ್ಯಾಲೆಂಡರ್ ಮಾಡಿಸಬೇಕೆಂದಿದ್ದೇನೆ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ತಂತ್ರಾಂಶ ನನಗೆ ಬೇಡವಾದ್ದರಿಂದ, ಚಿತ್ರ ತಿದ್ದುವ ಮುಕ್ತ ತಂತ್ರಾಂಶವಾದ ಗಿಂಪ್ ಹಾಕಿಕೊಂಡೆ. ಅದರಲ್ಲಿ ಕನ್ನಡ ಪಠ್ಯವನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಹೂವಿನ ಗೊಂಚಲುಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡಿವೆ. ಇಷ್ಟರ ಮೇಲೆ, ಕಡತವು ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕದಲ್ಲಿ) ಇಲ್ಲ ಎಂದು ಮುದ್ರಣಾಲಯದವರು ಅದನ್ನು ಹಿಂದಿರುಗಿಸಿದ್ದಾರೆ. ಕನ್ನಡಕ್ಕೆ ಸರಿಹೊಂದುವ ಬೇರೆ ತಂತ್ರಾಂಶ ಯಾವುದಿದೆ, ದಯವಿಟ್ಟು ನೇರವಾಗಿ ತಿಳಿಸಿ. ಪ್ರಯತ್ನಿಸಿ ಪ್ರಯತ್ನಿಸಿ ತಾಳ್ಮೆ ಮುಗಿದಿದೆ.

ಮಡಿಕೇರಿ_ಛಾಯೆ:
ಹೂವು ಬಿಳಿಚಿಕೊಂಡಿರುವುದೇ ನಿಮ್ಮ ಮೂಲ ಸಮಸ್ಯೆ, ಉಳಿದವು ಆಮೇಲಿನ ಮಾತು. ಬಿಸಿಲಿನಲ್ಲಿ ಕಾಫಿ ಹೂವನ್ನು ಜೆಪೆಗ್‌ನಲ್ಲಿ ತೆಗೆದರೆ ಎಸಳಿನ ವಿವರವು ಕ್ಯಾಮೆರಾದಲ್ಲಿಯೇ ಕಳೆದುಹೋಗಿರುತ್ತದೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತಗಳಷ್ಟೇ ಇದ್ದರೆ, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಆದ್ದರಿಂದ ಮೊದಲು ರಾ ಚಿತ್ರಗಳನ್ನು ಸಂಸ್ಕರಿಸುವ ಡಾರ್ಕ್‌ಟೇಬಲ್ ಹಾಕಿಕೊಳ್ಳಿ. ಅದು ಮೂಲ ಕಡತವನ್ನು ಮುಟ್ಟದೆ, ನೀವು ಮಾಡಿದ ಬದಲಾವಣೆಗಳನ್ನೆಲ್ಲ ಪಕ್ಕದಲ್ಲೊಂದು ಎಕ್ಸ್‌ಎಂಪಿ ಕಡತದಲ್ಲಿ ಬರೆದಿಡುತ್ತದೆ. ಅದರ ಹೈಲೈಟ್ ರೀಕನ್ಸ್‌ಟ್ರಕ್ಷನ್ ಎಂಬ ಭಾಗವು ಒಂದೆರಡು ಬಣ್ಣಗಳು ಮಾತ್ರ ತುಂಬಿ ಹರಿದಿರುವ ಕಡೆಗಳಲ್ಲಿ ಎಸಳಿನ ನೆರಳನ್ನು ಮರಳಿ ತರುತ್ತದೆ. ನಿಮ್ಮ ಕ್ಯಾಮೆರಾ ಯಾವುದು?

ಪೊನ್ನಂಪೇಟೆ_ಲಿನಕ್ಸ್:
ಅವರು ಅಕ್ಷರದ ಬಗ್ಗೆ ಕೇಳಿದ್ದಾರೆ, ನೀವು ಬೆಳಕಿನ ಬಗ್ಗೆ ಹೇಳುತ್ತಿದ್ದೀರಿ. ತೋಟದಮನೆಯವರೇ, ನಿಮ್ಮ ಗಿಂಪ್ ಹಳೆಯದಿರಬೇಕು ಎಂದು ನನಗೆ ಅನ್ನಿಸುತ್ತದೆ. 2012ರಲ್ಲಿ ಬಂದ 2.8 ಆವೃತ್ತಿಯನ್ನೇ ಇನ್ನೂ ಹಂಚುವ ತಾಣಗಳಿವೆ. ಅದರಲ್ಲಿ ಚಿತ್ರವನ್ನು 8 ಬಿಟ್‌ನಲ್ಲಿ ಮಾತ್ರ ತಿದ್ದಬಹುದು. 16 ಮತ್ತು 32 ಬಿಟ್‌ನ ಸೌಲಭ್ಯ ಬಂದದ್ದು 2018ರ 2.10ರಲ್ಲಿ. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ 3.0ರಲ್ಲಿ ಫಿಲ್ಟರ್‌ಗಳನ್ನು ಪದರದ ಮೇಲೆ ಹಾಗೆಯೇ ಉಳಿಸಿಕೊಂಡು, ಬೇಕಾದಾಗ ಮತ್ತೆ ತಿದ್ದುವುದಕ್ಕೂ ಆಗುತ್ತದೆ. ಅಧಿಕೃತ ತಾಣದಿಂದ ಅದನ್ನೇ ಹಾಕಿಕೊಂಡರೆ ಕನ್ನಡ ತಾನಾಗಿಯೇ ಸರಿಹೋಗುತ್ತದೆ. ಸಾಧ್ಯವಿದ್ದರೆ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬನ್ನಿ. ಅಲ್ಲಿ ಅಕ್ಷರಶೈಲಿಗಳ ನಿರ್ವಹಣೆ ಇನ್ನೂ ಸರಳ.

ಮಡಿಕೇರಿ_ಛಾಯೆ:
ಆವೃತ್ತಿ ಬದಲಿಸಿದ ಮಾತ್ರಕ್ಕೆ ಕಳೆದುಹೋದ ಎಸಳು ಬರುವುದಿಲ್ಲ. ತಿದ್ದುವವರ ಪರದೆಯೇ ಸುಳ್ಳು ಬಣ್ಣ ತೋರಿಸುತ್ತಿದ್ದರೆ ಗಿಂಪ್ ಆದರೇನು, ಕ್ರಿಟಾ ಆದರೇನು? ನಾನು ನನ್ನ ಎರಡೂ ಪರದೆಗಳನ್ನು ಬಣ್ಣಮಾಪಕವಿಟ್ಟು ಡಿಸ್‌ಪ್ಲೇಕ್ಯಾಲ್ ತಂತ್ರಾಂಶದಿಂದ ಅಳೆದು, ಪ್ರೊಫೈಲ್ (ಬಣ್ಣ ತೋರುವ ಬಗೆಯ ವಿವರವಿರುವ ಕಡತ) ಮಾಡಿಕೊಂಡಿದ್ದೇನೆ. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ತೆರೆದಿರುತ್ತದೆ. ಕೋಣೆಯ ಗೋಡೆಗೂ ಬೂದು ಬಣ್ಣ ಹೊಡೆಸಿದ್ದೇನೆ. ಈ ಸಿದ್ಧತೆ ಬಂದ ಮೇಲೆ ನನ್ನ ಮುದ್ರಣಗಳು ಪರದೆಗೆ ತೀರ ಹತ್ತಿರವಾಗಿ ಬರುತ್ತಿವೆ.

ನಾಪೋಕ್ಲು_ತೋಟದಮನೆ:
ನೀವು ಹೇಳಿದಂತೆ 3.0 ಹಾಕಿಕೊಂಡೆ, ಅಕ್ಷರಗಳು ಮೊದಲಿದ್ದಂತೆಯೇ ಇವೆ. ಕ್ಯಾಮೆರಾ ಇಲ್ಲ, ಎಲ್ಲವೂ ಮೊಬೈಲ್‌ನಲ್ಲಿ ತೆಗೆದ 12 ಮೆಗಾಪಿಕ್ಸೆಲ್‌ನ ಚಿತ್ರಗಳು. ವಿಂಡೋಸ್ ಇರುವ 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಹಾಗಾಗಿ ಎರಡು ಪರದೆಗಳ ಮಾತು ನನಗೆ ಹೊಂದುವುದಿಲ್ಲ. ಪಠ್ಯವನ್ನು ನಮ್ಮ ಚಿಕ್ಕಪ್ಪ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದಾರೆ. ವರ್ಡ್‌ನಲ್ಲಿ ತೆರೆದರೆ ಅಚ್ಚುಕಟ್ಟಾಗಿ ಕನ್ನಡವೇ ಕಾಣಿಸುತ್ತದೆ. ಹಾಗಿರುವಾಗ ದೋಷ ಗಿಂಪ್‌ನದಲ್ಲವೇ?

ಸೋಮವಾರಪೇಟೆ_ಲಿಪಿ:
ಅಲ್ಲ, ಗಿಂಪ್ ತನಗೆ ಸಿಕ್ಕಿದ್ದನ್ನೇ ತೋರಿಸುತ್ತಿದೆ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ‘ಕ’ ಎಂದು ನಿಮಗೆ ಕಾಣುವುದು ಕಂಪ್ಯೂಟರಿನ ಪಾಲಿಗೆ ದೊಡ್ಡ ಪಿ ಅಕ್ಷರ ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ ದೊಡ್ಡ ಎ ಅಕ್ಷರ. ಆ ಎರಡು ಗುರುತುಗಳಿಗೆ ನುಡಿಯ ಅಕ್ಷರಶೈಲಿಯು ಕನ್ನಡದ ಆಕಾರ ತೊಡಿಸುತ್ತದೆ. ವರ್ಡ್‌ನಲ್ಲಿ ಆ ಶೈಲಿ ಆಯ್ಕೆಯಾಗಿಯೇ ಇರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ, ಗಿಂಪ್‌ಗೆ ಅಂಟಿಸಿದಾಗ ಶೈಲಿ ಕಳಚಿ ಒಳಗಿನ ರೋಮನ್ ಗುರುತುಗಳು ಹೊರಬೀಳುತ್ತವೆ. ಜಗತ್ತಿನ ಲಿಪಿಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಾದರೆ ಕನ್ನಡಕ್ಕೆ ತನ್ನದೇ ಜಾಗವಿದೆ. ಗಿಂಪ್ ಮತ್ತು ರೇಖಾಚಿತ್ರದ ತಂತ್ರಾಂಶವಾದ ಇಂಕ್‌ಸ್ಕೇಪ್ ಎರಡೂ ಪಾಂಗೋ ಮತ್ತು ಹಾರ್ಫ್‌ಬಜ್ ಎಂಬ ಒಳತಂತ್ರಾಂಶಗಳ ನೆರವಿನಿಂದ ಅಕ್ಷರ ಜೋಡಿಸುವುದರಿಂದ ಯೂನಿಕೋಡ್‌ನ ಒತ್ತಕ್ಷರಗಳು ಅವುಗಳಲ್ಲಿ ತೊಂದರೆಯಿಲ್ಲದೆ ಬರುತ್ತವೆ.

ಪಠ್ಯವನ್ನು ಆಸ್ಕಿಯಿಂದ (ಈ ಹಳೆಯ ರೋಮನ್ ಗುರುತುಗಳ ಪದ್ಧತಿಯಿಂದ) ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿಯೇ ಅದಕ್ಕೆ ಪರಿವರ್ತಕವಿದೆ. ಬಳಿಕ ನೋಟೋ ಸೆರಿಫ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಒಂದನ್ನು ಆರಿಸಿ. ಇವೆಲ್ಲವೂ ಮುಕ್ತ ಅಕ್ಷರಶೈಲಿಗಳೇ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ‘ಸೂರ್ಯ’, ‘ಮಾರ್ಚ್’ ಮುಂತಾದ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಆಸ್ಕಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರವೂ ಯೂನಿಕೋಡ್‌ನಲ್ಲಿ ಅದರ ಮೊದಲೂ ಬರೆದಿಡುವುದರಿಂದ ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಪೊನ್ನಂಪೇಟೆ_ಲಿನಕ್ಸ್:
ಇಷ್ಟೆಲ್ಲ ಏಕೆ? ಗಿಂಪ್‌ನ ಅಕ್ಷರಶೈಲಿಗಳ ಪಟ್ಟಿಯಲ್ಲಿ ನುಡಿಯ ಶೈಲಿಯನ್ನೇ ಆರಿಸಿದರೆ ಅಂಟಿಸಿದ ಪಠ್ಯ ಕೂಡಲೇ ಕನ್ನಡವಾಗುತ್ತದೆ.

ಸೋಮವಾರಪೇಟೆ_ಲಿಪಿ:
ಈ ವರ್ಷಕ್ಕೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಮುಕ್ತ ತಂತ್ರಾಂಶವನ್ನು ಆಯ್ದುಕೊಂಡವರು ಪಠ್ಯವನ್ನು ಒಂದೇ ಅಕ್ಷರಶೈಲಿಯ ಬಂದಿಯಾಗಿ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಬರಹವನ್ನು ನಾಳೆ ಹೋಂಸ್ಟೇಯ ಜಾಲತಾಣಕ್ಕೆ ಹಾಕಿದರೆ ಯಾರೂ ಹುಡುಕಿ ತೆಗೆಯಲಾರರು, ಮೊಬೈಲ್‌ನಲ್ಲಿ ಓದಲೂ ಆಗದು.

ವಿರಾಜಪೇಟೆ_ಮುದ್ರಣ:
ಎಷ್ಟೋ ಅಚ್ಚುಮನೆಗಳಲ್ಲಿ ಇಂದಿಗೂ ಹಳೆಯ ಅಕ್ಷರಶೈಲಿಗಳಲ್ಲಿಯೇ ಕೆಲಸ ನಡೆಯುತ್ತದೆ, ಅದನ್ನು ಕೀಳಾಗಿ ಕಾಣುವ ಅಗತ್ಯವಿಲ್ಲ. ಆದರೂ ತೋಟದಮನೆಯವರ ಮೂರನೆಯ ತೊಂದರೆಯನ್ನು ಇಲ್ಲಿ ಯಾರೂ ಮುಟ್ಟಲಿಲ್ಲವಾದ್ದರಿಂದ ಅದನ್ನು ನಾನು ಹೇಳುತ್ತೇನೆ. ಗಿಂಪ್ ಚಿತ್ರವನ್ನು ತಿದ್ದುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ. 3.0ರಲ್ಲಿ ಟಿಫ್ ಅಥವಾ ಜೆಪೆಗ್ ಆಗಿ ರಫ್ತು ಮಾಡುವಾಗ ಸಿಎಂವೈಕೆಗೆ ಬದಲಿಸಿಕೊಳ್ಳಬಹುದು, ಅದಕ್ಕೆ ಮುದ್ರಣಾಲಯದ ಐಸಿಸಿ ಪ್ರೊಫೈಲ್ ಬೇಕು, ಅಂದರೆ ಅವರ ಯಂತ್ರ ಮತ್ತು ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತ. ಕ್ರಿಟಾದಲ್ಲಿ ಆರಂಭದಿಂದಲೇ ಸಿಎಂವೈಕೆಯಲ್ಲಿ ಕೆಲಸ ಮಾಡಬಹುದಾದರೂ ಅದು ಮುಖ್ಯವಾಗಿ ಚಿತ್ರ ಬಿಡಿಸುವವರಿಗಾಗಿ ರೂಪಿಸಿದ ತಂತ್ರಾಂಶ. ಕ್ಯಾಲೆಂಡರಿನ ಪುಟ ಜೋಡಿಸಲು ಇವೆರಡೂ ಸರಿಯಲ್ಲ, ಆ ಕೆಲಸಕ್ಕೆ ಸ್ಕ್ರೈಬಸ್ ಇದೆ. ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬರುತ್ತಿದ್ದವು, 2024ರ ಜನವರಿಯಲ್ಲಿ ಬಂದ 1.6ರಿಂದೀಚೆಗೆ ಆ ತೊಂದರೆಯಿಲ್ಲ. ಚಿತ್ರವನ್ನು ಗಿಂಪ್‌ನಲ್ಲಿ ಆರ್‌ಜಿಬಿಯಲ್ಲಿಯೇ ಮುಗಿಸಿ, ಸ್ಕ್ರೈಬಸ್‌ನಲ್ಲಿ ಪುಟಕ್ಕೆ ತಂದು, ಅಕ್ಷರವನ್ನೂ ದಿನಾಂಕದ ಚೌಕಗಳನ್ನೂ ಅಲ್ಲಿಯೇ ಹಾಕಿ, ಸಿಎಂವೈಕೆ ಪಿಡಿಎಫ್ ತೆಗೆಯಿರಿ. ಹೀಗೆ ಮಾಡಿದರೆ ಅಕ್ಷರಗಳು ಚಿತ್ರದೊಳಗೆ ಕರಗದೆ ಅಂಚು ಚೂಪಾಗಿ ಅಚ್ಚಾಗುತ್ತವೆ.

ಅಳತೆಯನ್ನೂ ನೋಡಿಕೊಳ್ಳಿ. 12 ಮೆಗಾಪಿಕ್ಸೆಲ್ ಎಂದರೆ ಸುಮಾರು 4000 × 3000. 12 × 18 ಇಂಚಿನ ಹಾಳೆಯನ್ನು ಚಿತ್ರವೊಂದೇ ತುಂಬಬೇಕಾದರೆ ಇಂಚಿಗೆ 222 ಚುಕ್ಕಿಗಳಷ್ಟೇ ಸಿಗುತ್ತವೆ. ಹಾಳೆಯ ಮೇಲಿನರ್ಧಕ್ಕೆ, ಅಂದರೆ 12 ಇಂಚಿನ ಅಗಲಕ್ಕೆ ಚಿತ್ರವನ್ನು ಇಳಿಸಿದರೆ 333 ಆಗುತ್ತದೆ. ಕೆಳಗಿನರ್ಧ ದಿನಾಂಕಗಳಿಗಿರಲಿ.

ಮಡಿಕೇರಿ_ಛಾಯೆ:
ಮೊಬೈಲ್‌ನ ಜೆಪೆಗ್ ಆದರೂ ಡಾರ್ಕ್‌ಟೇಬಲ್‌ನಲ್ಲಿ ಒಮ್ಮೆ ತೆರೆದು ನೋಡಲಿ ಎಂದೇ ನಾನು ಹೇಳುತ್ತೇನೆ.

ವಿರಾಜಪೇಟೆ_ಮುದ್ರಣ:
4 ಜಿಬಿಯಲ್ಲಿ ಅದು ಬಹಳ ನಿಧಾನವಾಗುತ್ತದೆ. ಬಿಳಿ ಪೂರ್ತಿ ತುಂಬಿದ ಜೆಪೆಗ್‌ನಿಂದ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ ಎಂದು ಮೊದಲು ನೀವೇ ಬರೆದಿದ್ದೀರಿ. ಮೋಡ ಕವಿದಾಗಲೋ ಮುಂಜಾನೆಯೋ ತೆಗೆದ ಚಿತ್ರಗಳಿದ್ದರೆ ಅವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ನಾಪೋಕ್ಲು_ತೋಟದಮನೆ:
ಲಿಪಿಯವರು ಹೇಳಿದಂತೆ ಪರಿವರ್ತಿಸಿದ ಮೇಲೆ ಕನ್ನಡ ಸರಿಯಾಗಿ ಬಂದಿದೆ. ‘ಮಾರ್ಚ್’ ಒಂದು ಕೆಟ್ಟಿತ್ತು, ಕೈಯಿಂದ ತಿದ್ದಿದೆ. ಮುಂಜಾನೆಯ ಮಂಜಿನಲ್ಲಿ ತೆಗೆದ ಹೂವಿನ ಚಿತ್ರಗಳೂ ಸಿಕ್ಕಿವೆ, ಅವುಗಳಲ್ಲಿ ಎಸಳು ಎಸಳಾಗಿ ಕಾಣುತ್ತದೆ. ಎಲ್ಲರಿಗೂ ಧನ್ಯವಾದಗಳು. ಈಗ ಸ್ಕ್ರೈಬಸ್‌ನಲ್ಲಿ ಮುದ್ರಣದ ಮುನ್ನೋಟ ಹಾಕಿದರೆ ಅಮ್ಮನ ಕೆಂಪು ರೇಷ್ಮೆ ಸೀರೆ ಮಂಕಾಗಿದೆ, ಮಳೆಯ ನಂತರದ ಕಾಫಿ ಎಲೆಯ ಹಸಿರೂ ಸತ್ತಂತಿದೆ. ಪ್ರೊಫೈಲ್ ಬೇಕೆಂದು ಮುದ್ರಣಾಲಯದವರನ್ನು ಕೇಳಿದರೆ, ಹಾಗೆಂದರೇನು ಎಂದು ಅವರೇ ನನ್ನನ್ನು ಕೇಳುತ್ತಿದ್ದಾರೆ.

ವಿರಾಜಪೇಟೆ_ಮುದ್ರಣ:
ಪರದೆಯು ಬೆಳಕಿನಿಂದ ತೋರಿಸುವ ಎಲ್ಲ ಕೆಂಪು, ಹಸಿರುಗಳನ್ನು ನಾಲ್ಕು ಶಾಯಿಗಳಿಂದ ಕಾಗದದ ಮೇಲೆ ತರಲಾಗುವುದಿಲ್ಲ. ಯಾವ ತಂತ್ರಾಂಶವನ್ನು ಆಯ್ದುಕೊಂಡರೂ ಈ ಮಿತಿ ಇದ್ದೇ ಇರುತ್ತದೆ, ಮುನ್ನೋಟವು ಅದನ್ನು ಮೊದಲೇ ತಿಳಿಸುತ್ತಿದೆ. ಮೊದಲು ಕಾಗದ ಯಾವುದೆಂದು ಕೇಳಿ. ನುಣುಪಾದ ಆರ್ಟ್ ಪೇಪರ್ ಆದರೆ ಅಂಥ ಕಾಗದಕ್ಕಿರುವ ಫೋಗ್ರಾ 39 ಎಂಬ ಸಿದ್ಧ ಪ್ರೊಫೈಲನ್ನು ಆಧಾರವಾಗಿಟ್ಟುಕೊಂಡು ಆರಂಭಿಸಬಹುದು, ಹೊಳಪಿಲ್ಲದ ಸಾದಾ ಕಾಗದವಾದರೆ ಬಣ್ಣ ಇನ್ನೂ ಇಂಗುತ್ತದೆ, ಪ್ರೊಫೈಲೂ ಬೇರೆ. ಸೀರೆಯ ಭಾಗವನ್ನಷ್ಟೇ ಗಿಂಪ್‌ನಲ್ಲಿ ಆಯ್ದು, ಗಾಢತೆಯನ್ನು ಸ್ವಲ್ಪ ತಗ್ಗಿಸಿ, ನೆರಳು-ಬೆಳಕಿನ ವ್ಯತ್ಯಾಸವನ್ನು ಹೆಚ್ಚಿಸಿದರೆ ರೇಷ್ಮೆಯ ಮಡಿಕೆಗಳು ಉಳಿಯುತ್ತವೆ. ಎಲ್ಲ ಪ್ರತಿಗಳಿಗೂ ಒಪ್ಪಿಗೆ ಕೊಡುವ ಮೊದಲು ಸೀರೆಯಿರುವ ಆ ಒಂದು ಪುಟವನ್ನು ಅದೇ ಕಾಗದದಲ್ಲಿ ಅಚ್ಚು ಹಾಕಿಸಿ ನೋಡಿ. ಕಾಗದದ ಹೆಸರು ತಿಳಿದ ಕೂಡಲೇ ಇಲ್ಲಿ ಬರೆಯಿರಿ, ಸ್ಕ್ರೈಬಸ್‌ನ ಬಣ್ಣ ನಿರ್ವಹಣೆಯಲ್ಲಿ ಏನೇನು ಬದಲಿಸಬೇಕೆಂದು ಹೇಳುತ್ತೇನೆ.