ಸರ್ವಾಧಿಕಾರ ಹೋದರೆ ದೇಶದ ಜಗಳಗಂಟತನವೂ ಹೋಗುತ್ತಾ?

ಪ್ರಶ್ನೆ: ಮೇಡಂ, ಕೆಎಎಸ್‌ಗೆ ಓದುತ್ತಿದ್ದೇನೆ. ನೋಟ್ಸ್‌ನಲ್ಲಿ "ಪ್ರಜಾಪ್ರಭುತ್ವ ದೇಶಗಳು ಶಾಂತಿಪ್ರಿಯ, ಸರ್ವಾಧಿಕಾರಿ ದೇಶಗಳು ಯುದ್ಧಕೋರ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. 2003ರಲ್ಲಿ ಇರಾಕ್ ಮೇಲೆ ನುಗ್ಗಿದ್ದು ಅಮೆರಿಕ, ಬ್ರಿಟನ್ ಅಲ್ವಾ? ನಿಜವಾಗಿ ವ್ಯತ್ಯಾಸ ಇದೆಯಾ, ಸುಮ್ನೆ ಹೇಳ್ತಾರಾ?

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕಿ): ಆ ಸಾಲನ್ನು ಹಾಗೇ ಬರೆದರೆ ಮಾರ್ಕ್ಸ್ ಬರುವುದು ಕಷ್ಟ. ಪ್ರಜಾಪ್ರಭುತ್ವಗಳು ಬೇಕಾದಷ್ಟು ಯುದ್ಧ ಮಾಡಿವೆ. ಎರಡು ಪ್ರಜಾಪ್ರಭುತ್ವಗಳು ಒಂದರ ಮೇಲೊಂದು ಬೀಳುವುದು ಮಾತ್ರ ತೀರಾ ಅಪರೂಪ. ಹೆಚ್ಚಿನ ಸಂಶೋಧಕರು ಒಪ್ಪುವುದು ಅಷ್ಟನ್ನೇ. ಯಾಕೆ ಹಾಗೆ ಅನ್ನುವುದಕ್ಕೆ ಅವರಲ್ಲೇ ಒಮ್ಮತ ಇಲ್ಲ.

ಬೇರೆ ಬೇರೆ ದೇಶ ಹೋಲಿಸಿದರೆ ತಲೆ ಕೆಡುತ್ತದೆ. ಒಂದೇ ದೇಶವನ್ನು ಎರಡು ಆಡಳಿತದಲ್ಲಿ ನೋಡಿ. ನಾನು ಕ್ಲಾಸಲ್ಲಿ ಯಾವಾಗಲೂ ಅರ್ಜೆಂಟೀನಾ ತಗೊಳ್ಳುತ್ತೇನೆ.

1976ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ಖಂಡದ ದಕ್ಷಿಣ ತುದಿಯಲ್ಲಿ ಬೀಗಲ್ ಕಾಲುವೆ ಹತ್ತಿರ ಮೂರು ಪುಟ್ಟ ದ್ವೀಪಗಳಿಗಾಗಿ ಚಿಲಿ ಜೊತೆ ಹಳೇ ತಕರಾರಿತ್ತು. 1977ರಲ್ಲಿ ಪಂಚಾಯ್ತಿ ತೀರ್ಪು ಬಂದು ದ್ವೀಪಗಳು ಚಿಲಿಗೆ ಹೋದವು. ಸೇನಾಡಳಿತ ಆ ತೀರ್ಪನ್ನೇ ಒಪ್ಪಲ್ಲ ಅಂದಿತು, 1978ರ ಡಿಸೆಂಬರ್‌ನಲ್ಲಿ ದಾಳಿಗೇ ಹೊರಟುಬಿಟ್ಟಿತು. ಕೊನೇ ಗಳಿಗೆಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಧ್ಯೆ ಬಂದಿದ್ದಕ್ಕೆ ಯುದ್ಧ ತಪ್ಪಿತು. ಆಚೆ ಕಡೆ ಚಿಲಿಯಲ್ಲಿ ಪಿನೋಚೆ, ಅವನೂ ಸರ್ವಾಧಿಕಾರಿಯೇ.

ಆಮೇಲೆ 1982. ಮಾರ್ಚ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರು ಸರ್ಕಾರದ ವಿರುದ್ಧ ಬೀದಿಗಿಳಿದರು, ಪೊಲೀಸರು ಹೊಡೆದು ಚದುರಿಸಿದರು. ಏಪ್ರಿಲ್ 2ಕ್ಕೆ ಸೇನೆ, ಬ್ರಿಟನ್ ಆಳುತ್ತಿದ್ದ, ಅರ್ಜೆಂಟೀನಾ ತನ್ನದೆನ್ನುವ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ಗಿತು. ಈಗ ಪ್ಲಾಜಾ ದೆ ಮಾಯೊ ಚೌಕದ ತುಂಬ ಜೈಕಾರ! (ದಾಳಿಯ ತಯಾರಿ ಮೊದಲೇ ನಡೆದಿತ್ತು, ಮೂರು ದಿನದಲ್ಲಿ ಹುಟ್ಟಿದ್ದಲ್ಲ. ಆದರೆ ಅದು ಎಷ್ಟು ಅನುಕೂಲಕ್ಕೆ ಬಂತು ನೋಡಿ.) ಬ್ರಿಟನ್ ಅಷ್ಟು ದೂರದಿಂದ ಬಂದು ಹೊಡೆದಾಡಲ್ಲ ಅಂತ ಸೇನಾಡಳಿತದ ಮುಖ್ಯಸ್ಥ ಜನರಲ್ ಗಾಲ್ಟಿಯೆರಿ ಲೆಕ್ಕ ಹಾಕಿದ್ದ. ಲೆಕ್ಕ ತಪ್ಪು ಅಂತ ಎದುರಿಗೆ ನಿಂತು ಹೇಳಲು ಸಂಸತ್ತೇ ಇರಲಿಲ್ಲ. ಪತ್ರಿಕೆಗಳಲ್ಲಿ "ಗೆಲ್ಲುತ್ತಿದ್ದೇವೆ" ಅಂತಲೇ ಬರುತ್ತಿತ್ತು, ಜೂನ್ 14ರಂದು ದ್ವೀಪಗಳಲ್ಲಿದ್ದ ಸೇನೆ ಶರಣಾಯಿತು. ಸತ್ತ ಅರ್ಜೆಂಟೀನಿಯರು 649, ಬ್ರಿಟಿಷ್ ಸೈನಿಕರು 255.

ಬ್ರಿಟನ್ನೂ ಸಾಧು ಅಲ್ಲ. ಪ್ರಧಾನಿ ಥ್ಯಾಚರ್‌ಗೂ ಕುರ್ಚಿಯ ಭಯ ಇತ್ತು. ಆದರೆ ದಾಳಿಯ ಮರುದಿನ, ಶನಿವಾರವಾದರೂ ಸಂಸತ್ತು ಸೇರಿತು. ಏಪ್ರಿಲ್ 5ಕ್ಕೆ ವಿದೇಶಾಂಗ ಸಚಿವ ಕ್ಯಾರಿಂಗ್ಟನ್ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅರ್ಜೆಂಟೀನಾದ ಬೆಲ್‌ಗ್ರಾನೊ ಹಡಗನ್ನು ಮುಳುಗಿಸಿದಾಗ 323 ಜನ ಸತ್ತಿದ್ದರು. ಮುಂದಿನ ವರ್ಷ ಟಿವಿ ನೇರ ಪ್ರಸಾರದಲ್ಲಿ ಒಬ್ಬ ಸಾಮಾನ್ಯ ವೀಕ್ಷಕಿ ಪ್ರಧಾನಿಯನ್ನೇ ಹಿಡಿದುಕೊಂಡರು: ಬ್ರಿಟನ್ನೇ ಘೋಷಿಸಿದ್ದ ನಿಷೇಧಿತ ವಲಯದ ಹೊರಗೆ, ದ್ವೀಪಗಳಿಂದ ದೂರ ಹೋಗುತ್ತಿದ್ದ ಹಡಗನ್ನು ಯಾಕೆ ಹೊಡೆದಿರಿ? ಥ್ಯಾಚರ್ ಏನೇ ಹೇಳಿದರೂ ಆಕೆ ಬಿಡಲಿಲ್ಲ. ಗಾಲ್ಟಿಯೆರಿಯನ್ನು ಹಾಗೆ ಕೇಳಿ ಯಾರಾದರೂ ಮನೆಗೆ ವಾಪಸ್ ಹೋಗುವುದಿತ್ತಾ? ಚುನಾವಣೆಯಲ್ಲಿ ಥ್ಯಾಚರ್ ಗೆದ್ದರು, ಅದು ಬೇರೆ ಮಾತು.

1983ರಲ್ಲಿ ಅರ್ಜೆಂಟೀನಾದಲ್ಲಿ ಚುನಾವಣೆ ಗೆದ್ದು ಆಲ್ಫೊನ್ಸಿನ್ ಅಧ್ಯಕ್ಷರಾಗಿ ಬಂದರು. ಅದೇ ಬೀಗಲ್ ದ್ವೀಪಗಳು, ಚಿಲಿಯಲ್ಲಿ ಅದೇ ಪಿನೋಚೆ. ಇವರು ದ್ವೀಪಗಳನ್ನು ಬಿಟ್ಟುಕೊಡುವ ಒಪ್ಪಂದವನ್ನು 1984ರ ನವೆಂಬರ್‌ನಲ್ಲಿ ಜನರ ಮುಂದಿಟ್ಟರು, ಸುಮಾರು 82% ಹೂಂ ಅಂದರು. ಆಮೇಲೆ ಪಕ್ಕದ ಬ್ರೆಜಿಲ್ ಜೊತೆ ಅಣು ಪೈಪೋಟಿಯನ್ನೂ ನಿಲ್ಲಿಸಲು ಶುರು ಮಾಡಿದರು. 1991ರ ಹೊತ್ತಿಗೆ ಒಬ್ಬರ ಅಣು ಘಟಕವನ್ನು ಇನ್ನೊಬ್ಬರು ತಪಾಸಣೆ ಮಾಡುವ ಜಂಟಿ ಸಂಸ್ಥೆಯೇ ಬಂತು. ಹಾಗಂತ ಫಾಕ್‌ಲ್ಯಾಂಡ್ ಆಸೆ ಬಿಟ್ಟಿಲ್ಲ, 1994ರ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಆದರೆ ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ಪಡೆಯುತ್ತೇವೆ ಅಂತ.

ಇನ್ನೊಬ್ಬ ಸದಸ್ಯರು: ಕಾರ್ಗಿಲ್‌ಗೆ ಏನಂತೀರಾ ಮೇಡಂ? 1999ರಲ್ಲಿ ಎರಡೂ ಕಡೆ ಚುನಾಯಿತ ಸರ್ಕಾರ ಇತ್ತು.

ಉತ್ತರ: ಸರಿಯಾದ ಕಡೆ ಹಿಡಿದಿರಿ ಸರ್. ಅಪವಾದ ಅಂತ ಇದನ್ನೇ ಜಾಸ್ತಿ ಎತ್ತುತ್ತಾರೆ. ನವಾಜ್ ಷರೀಫ್‌ಗೆ ಎಷ್ಟು ಗೊತ್ತಿತ್ತು ಅನ್ನುವ ವಾದ ಇವತ್ತಿಗೂ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೇನಾ ಮುಖ್ಯಸ್ಥ ಮುಷರಫ್ ಅವರನ್ನೇ ಕೆಳಗಿಳಿಸಿದರು. ಮತದಾನ ನಡೆದಿದೆಯಾ ಅಂತಷ್ಟೇ ನೋಡಿದರೆ ಸಾಲದು, ಸೇನೆ ಯಾರ ಮಾತು ಕೇಳುತ್ತದೆ ಅಂತಲೂ ನೋಡಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ಅಮೆರಿಕ ಬೇರೆಯವರ ಚುನಾಯಿತ ಸರ್ಕಾರಗಳನ್ನು ಬೀಳಿಸಿದ್ದು?

ಉತ್ತರ: ಅದೂ ನಿಜ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಗ್ ಅವರನ್ನು ಬೀಳಿಸಿದ್ದು ಅಮೆರಿಕ, ಬ್ರಿಟನ್‌ನ ಗುಪ್ತಚರರೇ. ಬಹಿರಂಗವಾಗಿ ಸೇನೆ ಕಳಿಸಬೇಕು ಅಂದರೆ ಸ್ವಂತ ಜನರಿಗೆ ಕಾರಣ ಹೇಳಬೇಕಲ್ಲ, ಅದಕ್ಕೇ ಗುಟ್ಟಾಗಿ ಮಾಡಿದರು ಅನ್ನುವ ವಾದ ಇದೆ. ಸಿಐಎ ತನ್ನ ಪಾತ್ರವನ್ನು ಒಪ್ಪಿಕೊಂಡ ದಾಖಲೆ ಹೊರಗೆ ಬಂದಿದ್ದು 2013ರಲ್ಲಿ.