ಅಟ್ಟದಲ್ಲಿ ಸಿಕ್ಕಿದ ಅಕ್ಕನ ಹಳೇ ಬಾರ್ಬಿ, 500 ರೂಪಾಯಿ ಒಳಗೆ ಸರಿ ಮಾಡಬಹುದಾ?

ತುಂಗಾತೀರ
ಎಲ್ರಿಗೂ ನಮಸ್ಕಾರ. ಹೋದ ವಾರ ಶಿವಮೊಗ್ಗದಲ್ಲಿ ಅಮ್ಮನ ಮನೆ ಅಟ್ಟ ಕ್ಲೀನ್ ಮಾಡುವಾಗ ಟ್ರಂಕಲ್ಲಿ ಅಕ್ಕನ ಬಾರ್ಬಿ ಸಿಕ್ತು, ತೊಂಬತ್ತರ ದಶಕದಲ್ಲಿ ಅಪ್ಪ ಬೆಂಗಳೂರಿಂದ ತಂದಿದ್ದು, ಆಗ ಅಕ್ಕ ನಂಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ. ಈಗ ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕೂದಲೆಲ್ಲ ಒಂದೇ ಗಂಟು, ಕೆನ್ನೆ ಮೇಲೆ ಬಾಲ್ ಪೆನ್ ಗೀಟು, ತುಟಿ ಬಣ್ಣ ಅರ್ಧ ಹೋಗಿದೆ, ಕಾಲು ಮುಟ್ಟಿದ್ರೆ ಅಂಟಂಟು. ಅಕ್ಕ ನವರಾತ್ರಿಗೆ ಊರಿಗೆ ಬರ್ತಾಳೆ, ಅಷ್ಟರೊಳಗೆ ಇದಕ್ಕೆ ಮದುಮಗಳ ಥರ ಸೀರೆ ಉಡಿಸಿ ಗೊಂಬೆ ಮೆಟ್ಟಿಲ ಮೇಲೆ ಕೂರಿಸ್ಬೇಕು ಅಂತ ಆಸೆ. ವಿಡಿಯೋಗಳಲ್ಲಿ ಮುಖ ಪೂರ್ತಿ ಒರೆಸಿ ಹೊಸದಾಗಿ ಪೇಂಟ್ ಮಾಡ್ತಾರಲ್ಲ, ಹಾಗೇ ಮಾಡ್ಲಾ? 500 ರೂಪಾಯಿ ಮೇಲೆ ಖರ್ಚು ಮಾಡೋ ಹಾಗಿಲ್ಲ. ಇನ್ನೊಂದು, ಬೆನ್ನ ಮೇಲೆ 1966 ಅಂತ ಅಚ್ಚಾಗಿದೆ, ಅಷ್ಟು ಹಳೇದಾ ಇದು?

ಗೊಂಬೆಹಬ್ಬ
ಮೊದಲು 1966ರ ವಿಷ್ಯ ಹೇಳ್ಬಿಡ್ತೀನಿ. ಅದು ಆ ದೇಹದ ಅಚ್ಚಿಗೆ ಕಂಪನಿ ಕಾಪಿರೈಟ್ ತಗೊಂಡ ವರ್ಷ, ಗೊಂಬೆ ತಯಾರಾದ ವರ್ಷ ಅಲ್ಲ. ತೊಂಬತ್ತರ ದಶಕದ ಎಷ್ಟೋ ಗೊಂಬೆಗಳ ಬೆನ್ನ ಮೇಲೆ ಅದೇ ಇರುತ್ತೆ. ಕತ್ತಿನ ಹಿಂದೆ ಕೂದಲು ಎತ್ತಿ ನೋಡಿ, ತಲೆಯ ಅಚ್ಚಿಗೆ ಬೇರೆ ವರ್ಷ ಇರಬಹುದು, 1976 ಅಂತ ಇದ್ರೆ ಅದು ಹಲ್ಲು ಕಾಣೋ ಹಾಗೆ ನಗೋ, ಸೂಪರ್‌ಸ್ಟಾರ್ ಅಂತ ಕರೆಯೋ ಮುಖ.

ಮುಖ ಪೂರ್ತಿ ಒರೆಸ್ಬೇಡಿ, ದಯವಿಟ್ಟು. ಕಣ್ಣು ಚೆನ್ನಾಗಿದೆ ಅಂದ್ರೆ ಅದನ್ನ ಮುಟ್ಟಲೇಬೇಡಿ. ನಾನು ಮೊದಲನೇ ಗೊಂಬೆಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಕಣ್ಣು ಹುಬ್ಬು ಎಲ್ಲ ತೆಗೆದು ಮತ್ತೆ ಬರೀತೀನಿ ಅಂತ ಕೂತೆ, ಎರಡು ಕಣ್ಣು ಒಂದೇ ಥರ ಬರೋಕೆ ನಾಕು ತಿಂಗಳು ಬೇಕಾಯ್ತು, ಅಷ್ಟಾದ್ರೂ ಅದು ನಮ್ಮನೇಲಿದ್ದ ಆ ಗೊಂಬೆ ಅಂತ ಯಾರಿಗೂ ಗುರುತು ಸಿಗಲಿಲ್ಲ. ನಿಮ್ಮಕ್ಕ ನೋಡಿದ ತಕ್ಷಣ "ಅಯ್ಯೋ ನನ್ನ ಗೊಂಬೆ" ಅನ್ಬೇಕಲ್ವಾ? ತುಟಿ ಮಾತ್ರ ತುಂಬಿ. ಅಕ್ರಿಲಿಕ್ ಬಣ್ಣ, ಇರೋದ್ರಲ್ಲೇ ಸಣ್ಣ ಬ್ರಷ್, ಒಂದು ಹನಿ ನೀರು ಸೇರಿಸಿ ತೆಳ್ಳಗೆ ಎರಡು ಮೂರು ಕೋಟ್, ಪ್ರತಿ ಸಲ ಪೂರ್ತಿ ಒಣಗ್ಲಿ. ತಪ್ಪಾದ್ರೆ ಹಸಿ ಇರುವಾಗಲೇ ಒದ್ದೆ ಕಿವಿ ಕಡ್ಡೀಲಿ ಒರೆಸ್ಬಹುದು. ಮೇಲೆ ನೀರಿನ ಬೇಸ್ ಇರೋ ವಾರ್ನಿಶ್ ಒಂದು ಕೋಟ್ ಹಾಕಿ, ಇಲ್ಲಾಂದ್ರೆ ಉಜ್ಜಿದ್ರೆ ಹೋಗುತ್ತೆ. ರಿಮೂವರ್ ಬೇಕೇ ಬೇಕು ಅಂದ್ರೂ ಅಸಿಟೋನ್ ಇರೋದನ್ನ ಗಟ್ಟಿ ಪ್ಲಾಸ್ಟಿಕ್ ಇರೋ ಎದೆ ಹೊಟ್ಟೆ ಭಾಗಕ್ಕೆ ತಾಗಿಸ್ಬೇಡಿ, ಕರಗಿ ಮಸುಕಾಗುತ್ತೆ.

ಪೆನ್ನಿನ ಗೀಟಿಗೆ ಮೆಡಿಕಲ್ ಶಾಪಲ್ಲಿ ಸಿಗೋ ಮೊಡವೆ ಜೆಲ್, ಬೆನ್ಝಾಯ್ಲ್ ಪೆರಾಕ್ಸೈಡ್ ಇರೋದು ಕೇಳಿ. ಗೀಟಿನ ಮೇಲೆ ಮಾತ್ರ ದಪ್ಪಗೆ ಹಚ್ಚಿ, ಅಷ್ಟಕ್ಕೇ ಸಣ್ಣ ಪ್ಲಾಸ್ಟಿಕ್ ಚೂರು ಮುಚ್ಚಿ ಬಿಸಿಲಲ್ಲಿಡಿ. ಉಳಿದ ಮುಖ ಮೈಗೆ ಅಡುಗೆಮನೆ ಫಾಯಿಲ್ ಸುತ್ತಿ. ಒಂದೇ ದಿನಕ್ಕೆ ಹೋಗಲ್ಲ, ದಿನಾ ತೊಳೆದು ನೋಡಿ ಮತ್ತೆ ಹಚ್ಬೇಕು. ಬಿಟ್ಟು ಮರೆತ್ರೆ ಕೆನ್ನೆ ಬಣ್ಣನೂ ಬಿಳಿಚಿಕೊಳ್ಳುತ್ತೆ. ಬಟ್ಟೆಗೂ ತಾಗಿಸ್ಬೇಡಿ, ಬಣ್ಣ ಹೋಗಿ ಬಿಳಿ ಕಲೆ ಬೀಳುತ್ತೆ.

ಕಾಲು ಅಂಟಾಗಿರೋದು ಕೊಳೆ ಅಲ್ಲ. ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಸೇರಿಸಿರೋ ಎಣ್ಣೆಯಂಥ ವಸ್ತು ವರ್ಷಗಳಾದ ಮೇಲೆ ಹೊರಗೆ ಬರುತ್ತೆ. ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒರೆಸಿ ಸ್ವಲ್ಪ ಕಾರ್ನ್‌ಫ್ಲೋರ್ ಸವರಿ. ಕೆಲವು ತಿಂಗಳಿಗೆ ಮತ್ತೆ ಬರುತ್ತೆ, ಮತ್ತೆ ತೊಳೆಯೋದು ಅಷ್ಟೇ.

ಸೂಜಿದಾರ_ಧಾರವಾಡ
ಕೂದಲದ ಬಗ್ಗೆ ನಾ ಹೇಳ್ತೀನಿ ತಡೀರಿ. ಮೊದ್ಲ ಶಾಂಪೂ ಹಾಕಿ ತೊಳೀರಿ, ಆಮ್ಯಾಲೆ ಕಂಡಿಷನರ್ ಜಾಸ್ತಿ ಹಚ್ಚಿ ಹತ್ತು ನಿಮಿಷ ಬಿಡ್ರಿ, ತುದಿಯಿಂದ ಸ್ವಲ್ಪ ಸ್ವಲ್ಪ ಮ್ಯಾಲೆ ಬಿಡಿಸ್ಕೋತ ಬರ್ರಿ, ಬುಡದಿಂದ ಎಳದ್ರ ಕಿತ್ತ ಬರ್ತಾವ. ಹೇನು ಬಾಚಣಿಗೆ ಇದಕ್ಕ ಭಾಳ ಚಲೋ. ಸಿಕ್ಕು ಬಿಡಿಸಿದ ಮ್ಯಾಲೆ ಕುದಿಯೋ ನೀರು ಕೂದಲ ಮ್ಯಾಲಷ್ಟ ಸುರೀರಿ, ಬಾಚಿ ನೆಟ್ಟಗ ಮಾಡಿ ಹಂಗ ಆರಾಕ ಬಿಡ್ರಿ, ನೆಟ್ಟಗ ಕೂಡ್ತದ. ಆದ್ರ ಮೊದ್ಲ ಕತ್ತಿನ ಹಿಂದ ನಾಕ ಎಳಿ ಬಿಸಿ ನೀರಾಗ ಅದ್ದಿ ನೋಡ್ರಿ, ಎಲ್ಲಾ ಗೊಂಬಿ ಕೂದಲ ಒಂದ ಥರದ್ದ ಇರಂಗಿಲ್ಲ, ಕೆಲವು ಕುದಿಯೋ ನೀರಿಗೆ ಸುಕ್ಕುಗಟ್ಟಿ ಬಿಡ್ತಾವ. ಸ್ಟ್ರೇಟನರ್ ಮಾತ್ರ ಬ್ಯಾಡ್ರಿ, ಕರಗ್ತದ. ತಲಿ ಒಳಗ ನೀರು ನಿಂತಿರ್ತದ, ಹಿಂಡಿ ಉಲ್ಟಾ ಮಾಡಿ ಎರಡು ದಿನ ಇಡ್ರಿ.

ಇನ್ನ ಸೀರಿ. ಬಾರ್ಬಿ ಹನ್ನೊಂದೂವರೆ ಇಂಚು, ನಮ್ಮ ಅಳತಿಯ ಆರನೇ ಒಂದು ಪಾಲು ಅಂತ ಲೆಕ್ಕ. ಐದೂವರೆ ಮೀಟರ್ ಸೀರಿ ಅಂದ್ರ ಗೊಂಬಿಗೆ ಸುಮಾರು 90 ಸೆಂಟಿಮೀಟರ್ ಉದ್ದ, 19 ಅಗಲ. ಮೂರು ಇಂಚಿನ ಅಂಚು ಅರ್ಧ ಇಂಚಾಗ್ತದ, ಅಷ್ಟ ಅಗಲದ ಜರಿ ಲೇಸ್ ಮೀಟರ್ ಲೆಕ್ಕದಾಗ ಸಿಗ್ತದ. ಆದ್ರ ಬಟ್ಟಿ ದಪ್ಪ ಆರನೇ ಒಂದು ಪಾಲು ಆಗಂಗಿಲ್ಲ ನೋಡ್ರಿ! ಅದಕ್ಕ ರೇಷ್ಮಿ ಬ್ಲೌಸ್ ಪೀಸಿನಾಗ ನೆರಿಗಿ ಹಾಕಿದ್ರ ಹೊಟ್ಟಿ ಮುಂದ ಗಂಟು ಬರ್ತದ. ಹಳೇ ಶಿಫಾನ್ ದುಪಟ್ಟಾ ತಗೋರಿ, ನೆರಿಗಿ ಐದಾರು ಸಾಕು, ಮೊದ್ಲ ಮಡಚಿ ಇಸ್ತ್ರಿ ಮಾಡಿ ಮ್ಯಾಲೆ ಒಂದ ಸಾಲು ಹೊಲಿಗಿ ಹಾಕಿಬಿಡ್ರಿ.

ಕೆಂಪು ಬಟ್ಟಿ ಆದ್ರ ಬಣ್ಣ ಬಿಡೂದು ನಿಲ್ಲೋ ತನಕ ತೊಳೀರಿ, ಒಳಗ ಬಿಳಿ ಲೈನಿಂಗ್ ಹಾಕ್ರಿ, ಇಲ್ಲಂದ್ರ ವರ್ಷದಾಗ ಗೊಂಬಿ ಮೈ ಕೆಂಪಾಗ್ತದ. ಈ ತಪ್ಪು ನಾ ಮಾಡೀನಿ, ಆ ಕಲೆ ಇವತ್ತಿಗೂ ಹೋಗಿಲ್ಲ.

ಗೊಂಬೆಹಬ್ಬ
ಸೂಜಿದಾರ ಅವ್ರು ಹೇಳಿದ್ದು ಓದಿ ನಮ್ಮಜ್ಜಿ ನೆನಪಾದ್ರು. ಮೈಸೂರಲ್ಲಿ ಪ್ರತಿ ದಸರಾಕ್ಕೂ ಪಟ್ಟದ ಗೊಂಬೆ ರಾಜ ರಾಣಿಗೆ ಹಳೇ ಬಟ್ಟೆ ಬಿಚ್ಚಿ ಹೊಸದು ಉಡಿಸೋರು, ಅಜ್ಜಿ ಅದಕ್ಕೇಂತಲೇ ಹರಿದ ಸೀರೆಗಳ ಜರಿ ಅಂಚು ಕತ್ತರಿಸಿ ಡಬ್ಬೀಲಿ ಎತ್ತಿಡ್ತಿದ್ರು. ನಿಮ್ಮಮ್ಮನ ಹತ್ರ ಹಳೇ ಸೀರೆ ಇದ್ಯಾ ಕೇಳಿ, ಲೇಸ್ ಕೊಳ್ಳೋದೇ ಬೇಡ.

ತುಂಗಾತೀರ
ಹತ್ತು ದಿನ ಆಯ್ತು, ಹೇಳೋಕೆ ಬಂದೆ. ಕೂದಲು ಬಿಡಿಸೋಕೆ ಎರಡು ಸಂಜೆ ಹಿಡೀತು, ಈಗ ಸೊಂಟದವರೆಗೂ ಇಳಿದಿದೆ, ಜಡೆ ಹಾಕಿದೆ. ಪೆನ್ನಿನ ಗೀಟು ಆರು ದಿನಕ್ಕೆ ಮುಕ್ಕಾಲು ಹೋಯ್ತು, ಇನ್ನೂ ತಿಳಿಯಾಗಿ ಕಾಣುತ್ತೆ, ಕೆನ್ನೆ ಬಿಳಿಚೋದು ಬೇಡ ಅಂತ ನಿಲ್ಲಿಸ್ದೆ. ತುಟಿ ಮೂರನೇ ಸಲಕ್ಕೆ ಸರಿ ಬಂತು. ಕಣ್ಣು ಮುಟ್ಟಿಲ್ಲ. ಇಷ್ಟರವರೆಗೆ ಜೆಲ್, ಬ್ರಷ್, ಬಣ್ಣ, ವಾರ್ನಿಶ್ ಸೇರಿ 380 ಆಗಿದೆ. ಅಮ್ಮ ತನ್ನ ಸೀಮಂತದ ಸೀರೆ ಅಂಚಿನ ಒಂದು ಚೂರು ಕೊಟ್ರು, ಆ ಸೀರೆ ಉಟ್ಟಾಗ ಹೊಟ್ಟೇಲಿದ್ದಿದ್ದು ಅಕ್ಕನೇ. ಈಗ ರವಿಕೆ ಒಂದು ಉಳಿದಿದೆ, ಎಷ್ಟು ಸಲ ಹೊಲಿದ್ರೂ ತೋಳಲ್ಲಿ ಕೈ ಹೋಗ್ತಿಲ್ಲ, ಬೆರಳು ಸಿಕ್ಕಿಹಾಕೊಳ್ತಿದೆ. ಏನ್ ಮಾಡ್ಲಿ?

ಸೂಜಿದಾರ_ಧಾರವಾಡ
ಕೈಗೆ ಸಣ್ಣ ಪ್ಲಾಸ್ಟಿಕ್ ಕವರಿನ ಚೂರು ಸುತ್ತಿ ತೋಳು ಏರಸ್ರಿ, ಜಾರಿಕೊಂಡು ಹೋಗ್ತದ, ಆಮ್ಯಾಲೆ ಕವರ್ ಎಳದು ತಗೀರಿ. ರವಿಕಿ ಬೆನ್ನು ಕೆಳಗಿನ ತನಕ ಪೂರ್ತಿ ಬಿಚ್ಚೂ ಹಂಗ ಇಟ್ಟು ಎರಡು ಸಣ್ಣ ಟಿಚ್ ಬಟನ್ ಹಚ್ರಿ. ಮತ್ತ ಆ ಅಂಚಿನ ಚೂರು ಕತ್ತರಿಸೋ ಮೊದ್ಲ ಹರಕ ಬಟ್ಟಿಯಾಗ ಒಂದು ರವಿಕಿ ಹೊಲದು ಅಳತಿ ನೋಡ್ರಿ, ಆ ಬಟ್ಟಿ ಮತ್ತ ಸಿಗಂಗಿಲ್ಲ.